ಯಾದ್ರಾಂಕಾಳ ಕಾಫಿ ಬ್ಯಾಡ್ಜು

ಗಂಡನನ್ನು ಬಿಟ್ಟ ಹೆಂಗಸು ಗಂಡನ ಮನೆಯ ಸಂತನನ್ನೂ ಬಿಡಬೇಕು ಎಂಬುದು ಬೆಲ್‌ಗ್ರೇಡಿನ ಪದ್ಧತಿ. ಸಂತ ಗಂಡನ ಕಡೆಯವನು, ತಂದೆಯಿಂದ ಮಗನಿಗೆ ಬರುವ ಆಸ್ತಿ. ವರ್ಷಕ್ಕೊಂದು ದಿನ ಅವನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ, ಗೋಧಿ ಬೇಯಿಸಿ, ಬಂದವರಿಗೆಲ್ಲ ಹೊಟ್ಟೆ ಬಿರಿಯುವಂತೆ ಬಡಿಸುವ ಸ್ಲಾವಾ ಹಬ್ಬ ಗಂಡಸಿನ ಮನೆಯಲ್ಲೇ ನಡೆಯಬೇಕು. ಹೀಗಿರುವಾಗ ಅರವತ್ತಾರು ವರ್ಷದ ಜಾಗೊರ್ಕಾ ಪ್ರೊಡಾನೊವಿಚ್‌ಗೆ, ವಿಚ್ಛೇದನವಾಗಿ ಹತ್ತು ವರ್ಷ ದಾಟಿದ ಮೇಲೆ, ಮಾಜಿ ಗಂಡನ ಮನೆದೇವರಾದ ಸಂತ ಜಾರ್ಜನ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಆ ಭಕ್ತಿಗೆ ಕಾರಣ ಒಂದು ಬ್ಯಾಡ್ಜು.

ಅಂಗೈಯಲ್ಲಿ ಅಡಗುವಷ್ಟು ತಗಡು ಅದು. ದೇಶ ಒಡೆದು ಯುದ್ಧ ಶುರುವಾದ ತೊಂಬತ್ತೊಂದರ ಶರತ್ಕಾಲದಲ್ಲಿ, ಸೇನೆಗೆ ಸೇರಿ ಎಂಬ ಆಜ್ಞೆ ಹಿಡಿದವರು ಮನೆಮನೆಯ ಬಾಗಿಲು ಬಡಿಯುತ್ತಿದ್ದಾಗ, ಅದೇ ಕಟ್ಟಡದಲ್ಲಿದ್ದ ಯಾದ್ರಾಂಕಾ ತನ್ನ ಅಡಿಗೆಮನೆಯಲ್ಲಿ ಕೂತು ಕಾಫಿ ಡಬ್ಬಿಗಳನ್ನು ಕತ್ತರಿಸಿ ಬ್ಯಾಡ್ಜು ಮಾಡಿದ್ದಳು. ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಉದ್ದ ಹಿಡಿಯ ಕಾಫಿ ಪಾತ್ರೆ, ಅದರ ಕೆಳಗೆ ‘ಹುಡುಗರಾ, ಮನೆಗೆ ಬನ್ನಿ’ ಎಂಬ ಅಕ್ಷರ. ಅದನ್ನು ಎದೆಗೆ ಚುಚ್ಚಿಕೊಂಡು ಜಾಗೊರ್ಕಾ, ಯಾದ್ರಾಂಕಾ ಮತ್ತು ಇನ್ನು ಕೆಲವರು ಹೆಂಗಸರು ಸಂಜೆ ಸಂಜೆ ಮೇಣದಬತ್ತಿ ಹಿಡಿದು ಬೀದಿಯಲ್ಲಿ ನಿಂತಿದ್ದರು. ದಾರಿಹೋಕರು ಉಗಿದಿದ್ದರು. ಹೆಚ್ಚಿನ ಬ್ಯಾಡ್ಜುಗಳನ್ನು ಯಾರೋ ಕಿತ್ತುಕೊಂಡರು, ಮಿಕ್ಕವು ಎಲ್ಲೆಲ್ಲೋ ಕಳೆದುಹೋದವು. ಒಂದೇ ಒಂದು ಜಾಗೊರ್ಕಾಳ ಪೆಟ್ಟಿಗೆಯಲ್ಲಿ ಉಳಿದಿತ್ತು. ಯಾದ್ರಾಂಕಾ ತೀರಿಕೊಂಡ ಮೇಲೆ ಅವಳದೆಂದು ಈ ಭೂಮಿಯ ಮೇಲಿದ್ದದ್ದು ಅದೊಂದೇ. ಅವಳು ಸತ್ತ ವಾರವೇ ಅದೂ ಪೆಟ್ಟಿಗೆಯಿಂದ ಮಾಯವಾಯಿತು. ಪೆಟ್ಟಿಗೆ ಮುಟ್ಟಬಲ್ಲವನು ಮನೆಯಲ್ಲಿ ಗಂಡ ತಿಹೊಮಿರ್ ಒಬ್ಬನೇ ಇದ್ದ.

“ಹೌದು, ನಾನೇ ತಗೊಂಡೆ. ಕೊಡಲ್ಲ, ಏನ್ ಮಾಡ್ಕೋತೀಯ?” ಎಂದಿದ್ದ ಅವನು. ಅವಳು ವಿಚ್ಛೇದನ ಮಾಡಿಕೊಂಡಳು.

ಬೇರೆಯಾದ ಮೇಲಾದರೂ ದೂರ ಹೋದರೇ? ಇಲ್ಲ. ದೊಡ್ಡ ಮನೆ ಕೊಟ್ಟು ಎರಡು ಸಣ್ಣ ಮನೆ ತೆಗೆದುಕೊಂಡಾಗ, ಕಟ್ಟಡ ಬಿಟ್ಟು ಮೊದಲು ಹೋದವರು ಸೋತಂತೆ ಎಂದು ಇಬ್ಬರೂ ಅಲ್ಲೇ ಪಟ್ಟು ಹಿಡಿದರು. ಅವನು ಆರನೇ ಮಹಡಿ, ಅವಳು ಮೂರನೇ ಮಹಡಿ. ಅವಳು ಗಂಡನ ಅಡ್ಡಹೆಸರನ್ನೂ ಬಿಡಲಿಲ್ಲ, ಅವನಿಗೆ ಉರಿಯಲಿ ಎಂದು. ಎರಡೂ ಬಾಗಿಲ ಮೇಲೆ ಒಂದೇ ಹೆಸರು: ಪ್ರೊಡಾನೊವಿಚ್. ಜಿದ್ದಿಗೆ ಆ ಊರಿನಲ್ಲಿ ಇನಾತ್ ಎನ್ನುತ್ತಾರೆ. ಬೇರೆಯವರ ನಾಡಿನಲ್ಲಿ ಅದು ದುರ್ಗುಣ, ಅಲ್ಲಿ ಅರ್ಧ ಊಟ.

ಭಾನುವಾರಗಳಂದು ತಿಹೊಮಿರ್ ಹಳೆಸಾಮಾನಿನ ಸಂತೆಯಲ್ಲಿ ಸೈನ್ಯದ ಸರಕು ಹರಡಿಕೊಂಡು ಕೂರುತ್ತಿದ್ದ. ತಗ್ಗುಬಿದ್ದ ಹೆಲ್ಮೆಟ್ಟು, ನೀರಿನ ಡಬ್ಬಿ, ವಿಷಗಾಳಿಯ ಮುಖವಾಡ, ಈಗ ಇಲ್ಲದ ದೇಶವೊಂದರ ನಕ್ಷತ್ರದ ಬಿಲ್ಲೆ. ಒಬ್ಬರನ್ನೊಬ್ಬರು ಕೊಂದುಕೊಂಡ ಮೂರು ಸೈನ್ಯಗಳ ತೋಳುಪಟ್ಟಿಗಳು ಅವನ ಒಂದೇ ತಟ್ಟೆಯಲ್ಲಿ ಮೈಗೆ ಮೈ ತಾಗಿಸಿಕೊಂಡು ಮಲಗಿರುತ್ತಿದ್ದವು. ಇಷ್ಟೆಲ್ಲ ಗುಡ್ಡೆ ಹಾಕಿಕೊಂಡ ಆಸಾಮಿ ಆ ಯುದ್ಧದಲ್ಲಿ ಒಂದು ದಿನವೂ ಸಮವಸ್ತ್ರ ತೊಟ್ಟವನಲ್ಲ. ಜಾಗೊರ್ಕಾಳದ್ದು ಇದಕ್ಕೆ ಉಲ್ಟಾ ಸಂಗ್ರಹ. ಯುದ್ಧ ಬೇಡವೆಂದವರ ಬ್ಯಾಡ್ಜು, ಸರ್ಕಾರಿ ವಾರ್ತೆಯ ಹೊತ್ತಿಗೆ ಕಿಟಕಿಯಲ್ಲಿ ನಿಂತು ಪಾತ್ರೆ ಬಡಿದವರ ಬ್ಯಾಡ್ಜು, ಬಾಂಬು ಬಿದ್ದ ವಸಂತದಲ್ಲಿ ಜನ ಸೇತುವೆಯ ಮೇಲೆ ನಿಂತು ಎದೆಗೆ ಚುಚ್ಚಿಕೊಂಡಿದ್ದ ಗುರಿಹಲಗೆಯ ಚಿತ್ರದ ಬ್ಯಾಡ್ಜು. ನೀಲಿ ಮಖಮಲ್ಲಿನ ಬಟ್ಟೆಗೆ ಚುಚ್ಚಿ ಗೋಡೆ ತುಂಬ ತೂಗುಹಾಕಿದ್ದಳು. ನಟ್ಟನಡುವೆ ಒಂದು ಜಾಗ ಖಾಲಿ.

ಅಕ್ಟೋಬರಿನ ಕೊನೆಯ ಭಾನುವಾರ ಅವಳು ಅವನ ಅಂಗಡಿಯ ಮುಂದೆ ಹಾದುಹೋಗಬೇಕಾಯಿತು. ಬೇರೆ ದಾರಿ ಇತ್ತು, ಆದರೆ ಹಾದುಹೋಗಬೇಕಾಯಿತು.

“ಬಾರಮ್ಮ, ಏನ್ ಬೇಕು? ಹೆಲ್ಮೆಟ್ ತಗೋ. ನಿನ್ ತಲೆಗೆ ಆರಾಮಾಗಿ ಕೂರತ್ತೆ, ಒಳಗೇನೂ ಅಡ್ಡ ಇಲ್ವಲ್ಲ.”

“ಆ ಮುಖವಾಡ ಯಾಕೋ ಇನ್ನೂ ಮಾರಿಲ್ಲ? ನೀನು ಅದನ್ನ ಹಾಕ್ಕೊಂಡು ಕೂತ್ಕೊ, ಗಿರಾಕಿ ಧೈರ್ಯವಾಗಿ ಹತ್ರ ಬರ್ತಾರೆ.”

ಅವನು ನಗಲಿಲ್ಲ. ಜೇಬಿನಿಂದ ಗಾಜಿನ ಮುಚ್ಚಳದ ಸಣ್ಣ ಡಬ್ಬಿ ತೆಗೆದು, ಅವಳ ಕೈಗೆಟುಕದಷ್ಟು ದೂರದಲ್ಲಿ ಎತ್ತಿ ಹಿಡಿದ. ಒಳಗೆ ಕೆಂಪು ಕಾಫಿ ಪಾತ್ರೆ.

“ಲ್ಯುಬ್ಲ್ಯಾನಾದಿಂದ ಗೊರಾಜ್ದ್ ಅಂತ ಒಬ್ರು ಬರ್ತಿದಾರೆ. ದೊಡ್ಡ ಸಂಗ್ರಾಹಕರು. ನಮ್ಮ ಸ್ಲಾವಾ ದಿನಾನೇ ಬನ್ನಿ, ಊಟಾನೂ ಆಗತ್ತೆ, ಇದನ್ನೂ ನೋಡಿದ ಹಾಗಾಗತ್ತೆ ಅಂದಿದೀನಿ. ಯಾದ್ರಾಂಕಾ ಇನ್ಮೇಲೆ ಪರದೇಶದ ಗೋಡೆ ಮೇಲೆ.”

“ನನ್ನ ಅರ್ಧ ಗೋಡೆ ಕೊಡ್ತೀನಿ ಅಂದಿದ್ನಲ್ಲೋ, ಹಾಳಾದವನೇ! ಬೇಕಾದ್ದು ಆರಿಸ್ಕೊ ಅಂದಿದ್ದೆ!”

“ಪೂರ್ತಿ ಗೋಡೆ ಕೊಟ್ರೂ ನಿನಗಿಲ್ಲ” ಎಂದು ಡಬ್ಬಿಯನ್ನು ಜೇಬಿಗೆ ಇಳಿಸಿದ.

ಅವಳಿಗೆ ಅಳು ಬಂತು. ಅವನ ಮುಂದೆ ಅಳುವುದುಂಟೇ? ಒಂದು ಹರಿದ ತೋಳುಪಟ್ಟಿ ಎತ್ತಿಕೊಂಡು, ಅದರಲ್ಲಿ ಮೂಗು ಒರೆಸಿ, ಮತ್ತೆ ತಟ್ಟೆಯಲ್ಲಿಟ್ಟು ಮನೆಗೆ ಬಂದಳು.

ಆ ವಾರವೆಲ್ಲ ಅವಳು ಯೋಚಿಸಿದಳು. ಸ್ಲಾವಾಕ್ಕೆ ನೆಂಟರಿಷ್ಟರನ್ನು ಕರೆಯುವ ಪದ್ಧತಿಯಿಲ್ಲ, ಬರುವವರು ತಾವೇ ಬರುತ್ತಾರೆ, ಬಂದವರನ್ನು ನೀನು ಯಾರಪ್ಪಾ ಎಂದು ಕೇಳುವುದು ಮರ್ಯಾದೆಯಲ್ಲ. ಮೇಣದಬತ್ತಿ ಉರಿಯುತ್ತಿರುವ ತನಕ ಮನೆಯ ಯಜಮಾನ ನೆಂಟರ ನಡುವೆ ನಿಂತೇ ಇರಬೇಕು, ಹೊಸ್ತಿಲು ದಾಟುವಂತಿಲ್ಲ, ಜಗಳವಂತೂ ಆಡುವಂತೆಯೇ ಇಲ್ಲ. ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಮುಖ್ಯವಾದದ್ದೆಂದರೆ, ಸ್ಲಾವಾದ ಮನೆಗೆ ತಂದುಕೊಟ್ಟದ್ದನ್ನು ಯಾರೂ ವಾಪಸು ಕೇಳುವುದಿಲ್ಲ. ಇಷ್ಟನ್ನೂ ಒಂದಕ್ಕೊಂದು ಪೋಣಿಸಿದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಗಿರಾಕಿಯನ್ನು ಮೂರನೇ ಮಹಡಿಯಲ್ಲಿ ಹಿಡಿದು ಕೂರಿಸಿದರೆ ಸಾಕು. ತಿಹೊಮಿರ್ ಆರನೇ ಮಹಡಿಯಿಂದ ಅಲ್ಲಾಡಲಾರ. ಗಿರಾಕಿಗೆ ತೋರಿಸಬೇಕೆಂದರೆ ಬ್ಯಾಡ್ಜನ್ನು ಕೆಳಗೆ ಕಳಿಸಲೇಬೇಕು. ತನ್ನ ಹೊಸ್ತಿಲು ದಾಟಿದ ಮೇಲೆ ಅದು ತನ್ನದು.

ಸಂತ ಜಾರ್ಜನ ದಿನ ನವೆಂಬರಿನ ಮಂಜು ಕವಿದ ಬೆಳಿಗ್ಗೆ ಅವಳು ಹಬ್ಬದ ರೊಟ್ಟಿಯನ್ನು ಇಗರ್ಜಿಗೆ ಒಯ್ದು ಆಶೀರ್ವಾದ ಮಾಡಿಸಿಕೊಂಡು ಬಂದಳು. ಪಾದ್ರಿ ಏನೂ ಕೇಳಲಿಲ್ಲ, ಅವತ್ತು ಅರ್ಧ ಊರಿಗೆ ಅದೇ ಸ್ಲಾವಾ. ಮೇಣದಬತ್ತಿ ಹಚ್ಚಿದಳು, ಬಾಗಿಲು ಅರ್ಧ ತೆರೆದಿಟ್ಟಳು. ಲಿಫ್ಟು ಅವತ್ತೇ ಕೆಟ್ಟಿತ್ತು. ಅದಕ್ಕೂ ತನಗೂ ಯಾವ ಸಂಬಂಧವೂ ಇಲ್ಲವೆಂದು ಅವಳು ಆಮೇಲೆ ಆಣೆಯಿಟ್ಟು ಹೇಳಿದಳು, ನಾವೂ ನಂಬೋಣ.

ಮಧ್ಯಾಹ್ನದ ಹೊತ್ತಿಗೆ ಗೊರಾಜ್ದ್ ಬಂದರು. ಗುಂಡಗೆ, ಕನ್ನಡಕ ಹಾಕಿದ, ತುಂಬ ಸಭ್ಯಸ್ಥ ಮನುಷ್ಯ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದವರಿಗೆ ಪ್ರೊಡಾನೊವಿಚ್ ಎಂಬ ಹೆಸರು ಕಂಡು ಜೀವ ಬಂದಂತಾಯಿತು.

“ಸ್ಲಾವಾ ಶುಭವಾಗಲಿ. ಪ್ರೊಡಾನೊವಿಚ್ ಅವರ ಮನೆ ಇದೇ ಅಲ್ವಾ?” ಎಂದು ವೈನಿನ ಸೀಸೆ ಚಾಚಿದರು.

“ಬಾಗಿಲ ಮೇಲೆ ಬರೆದಿದೆಯಲ್ಲ! ಬನ್ನಿ, ಬನ್ನಿ, ಕೋಟು ಕೊಡಿ.”

“ಯಜಮಾನರು?”

“ಹಬ್ಬದ ದಿನ ಅವರಿಗೆ ಕೈತುಂಬ ಕೆಲಸ. ನೀವು ಮೊದಲು ಊಟ ಮಾಡಿ.”

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಗಮನಿಸಿ. ಮೊದಲು ಸಿಹಿಗೋಧಿ ಒಂದು ಚಮಚ, ಆಮೇಲೆ ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ, ಆಮೇಲೆ ಸೂಪು. ಸೂಪು ಮುಗಿಯುವ ಮೊದಲೇ ಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾ ಬಂತು. ಸಾಕು ಎಂದು ಅವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಅವಳು ಬೆರಳ ಸಂದಿಯಲ್ಲೇ ಬಡಿಸಿದಳು.

“ಅಮ್ಮಾ, ಇನ್ನಾಗಲ್ಲ.”

“ನನ್ನ ಕೈರುಚಿ ಸರಿ ಇಲ್ಲ ಅನ್ನಿ, ಬಿಡ್ತೀನಿ.”

ಪಾಪದ ಮನುಷ್ಯ ಇನ್ನೊಂದು ತಿಂದರು. ಹುರಿದ ಹಂದಿಮರಿ ಬರುವ ಹೊತ್ತಿಗೆ ಅವರು ಸೊಂಟದ ಪಟ್ಟಿ ಒಂದು ತೂತು ಸಡಿಲಿಸಿದ್ದರು. ಗೋಡೆಯ ಮೇಲಿನ ಬ್ಯಾಡ್ಜುಗಳನ್ನು ನೋಡಿ ಬಾಯಿ ತೆರೆದುಕೊಂಡೇ ಕೂತರು. ಒಂದು ಬ್ಯಾಡ್ಜು ನೋಡಲು ಬಂದರೆ ಇಲ್ಲಿ ಗೋಡೆ ತುಂಬ ಇದೆ ಎಂದು ಯಾರೂ ಹೇಳಿರಲಿಲ್ಲವಲ್ಲ ಎಂದು ಹಲುಬಿದರು. ಆಗ ಅವರ ಫೋನು ಬಡಿದುಕೊಂಡಿತು.

“ಎಲ್ಲಿದೀನಾ? ನಿಮ್ಮ ಮನೇಲೇ ಇದೀನಲ್ಲ ತಿಹೊಮಿರ್! ನಿಮ್ಮ ಮನೆಯವರು ಊಟ ಹಾಕಿ ಹಾಕಿ ಸಾಯಿಸ್ತಿದಾರೆ. ನೀವೆಲ್ಲಿ?”

ಜಾಗೊರ್ಕಾ ನಯವಾಗಿ ಫೋನು ತೆಗೆದುಕೊಂಡು ಅಡಿಗೆಮನೆಗೆ ನಡೆದಳು.

“ಏಯ್, ಅವರನ್ನ ಮೇಲಕ್ಕೆ ಕಳಿಸು” ಎಂದ ತಿಹೊಮಿರ್, ನೆಂಟರಿಗೆ ಕೇಳಿಸದಂತೆ ಹಲ್ಲು ಕಚ್ಚಿಕೊಂಡು.

“ಏಳೋ ಸ್ಥಿತೀಲಿ ಇಲ್ಲ ಕಣೋ. ಇನ್ನೂ ಕೇಕ್ ಬೇರೆ ಇದೆ.”

“ನಿಂಗೆ ಯಾವ ಸ್ಲಾವಾನೇ? ಅದು ನಮ್ಮಪ್ಪನ ಸಂತ!”

“ನಿಮ್ಮಪ್ಪನ ಸಂತನಿಗೆ ಇಪ್ಪತ್ತೊಂಬತ್ತು ವರ್ಷ ಗೋಧಿ ಬೇಯಿಸಿದ್ದು ನೀನಾ, ನಾನಾ? ಅವನಿಗೆ ನನ್ನ ಪರಿಚಯಾನೇ ಜಾಸ್ತಿ.”

“ನಾನೇ ಬರ್ತೀನಿ, ತಾಳು.”

“ಬಾ, ಬಾ. ಮೇಣದಬತ್ತಿ ಬಿಟ್ಟು, ನೆಂಟರನ್ನ ಬಿಟ್ಟು ಬಾ. ನಿಮ್ಮ ದೊಡ್ಡಪ್ಪನ ಮಕ್ಕಳು ಇನ್ನೊಂದು ತಲೆಮಾರು ಆಡ್ಕೊಳ್ಳಲಿ.”

ಫೋನು ಕುಕ್ಕಿದ ಸದ್ದು ಕೇಳಿಸಿತು. ಜಾಗೊರ್ಕಾ ಕೇಕ್ ಕತ್ತರಿಸುತ್ತ ಒಂದು ಹಳೆಯ ಹಾಡು ಗುನುಗಿದಳು.

ಕಾಲು ಗಂಟೆಯಲ್ಲಿ ಮೆಟ್ಟಿಲ ಮೇಲೆ ಊರುಗೋಲಿನ ಸದ್ದಾಯಿತು. ಬಂದವಳು ತಿಹೊಮಿರ್‌ನ ಸೋದರತ್ತೆ ಸ್ತಾಮೆನಾ. ಎಂಬತ್ತೆಂಟರ ಮುದುಕಿ, ಕಪ್ಪು ತಲೆವಸ್ತ್ರ. ಈ ವಿಚ್ಛೇದನ ಎಂಬುದು ಜ್ವರದ ಹಾಗೆ, ಒಂದು ದಿನ ತಾನೇ ಬಿಡುತ್ತದೆ ಎಂದು ಅವಳು ಇನ್ನೂ ಕಾಯುತ್ತಿದ್ದಳು. ಮೇಲಿನ ನೆಂಟರಲ್ಲಿ ಬಾಯಿಬಿಟ್ಟು ಗುಟ್ಟು ಹೇಳದವಳು ಅವಳೊಬ್ಬಳೇ ಎಂದು ತಿಹೊಮಿರ್ ಅವಳನ್ನು ಆರಿಸಿದ್ದ. ಅದೇ ಅವನು ಮಾಡಿದ ತಪ್ಪು.

ಮುದುಕಿ ಶಿಲುಬೆಯ ಗುರುತು ಮಾಡಿಕೊಂಡು, ಗೋಧಿ ಬಾಯಿಗೆ ಹಾಕಿಕೊಂಡು, ಕರವಸ್ತ್ರದಲ್ಲಿ ಸುತ್ತಿದ ಗಾಜಿನ ಡಬ್ಬಿಯನ್ನು ಜಾಗೊರ್ಕಾಳ ಅಂಗೈಗೆ ಒತ್ತಿದಳು. “ಸ್ಲಾವಾ ಶುಭವಾಗಲಿ ಮಗಳೇ. ತಗೋ.”

“ಇದು ನನಗಾ, ಅತ್ತೆ?” ಎಂದಳು ಜಾಗೊರ್ಕಾ, ದೇವತೆಯ ಮುಖ ಮಾಡಿಕೊಂಡು.

“ಆ ಕನ್ನಡಕದೋನಿಗೆ ಕೊಡು ಅಂದ ಅವನು, ಬುದ್ಧಿ ಇಲ್ದೋನು. ಸ್ಲಾವಾ ಮನೆಗೆ ಬಂದು, ಯಜಮಾನ್ತಿಗೆ ಬರಿಗೈ ತೋರಿಸಿ, ಯಾರೋ ನೆಂಟನಿಗೆ ಉಡುಗೊರೆ ಕೊಡ್ತಾರಾ? ನಾನೇನು ದನದ ಕೊಟ್ಟಿಗೇಲಿ ಬೆಳೆದೋಳಾ?”

ಜಾಗೊರ್ಕಾ ಮುದುಕಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಪದ್ಧತಿಯಂತೆ ಮತ್ತೊಂದಿಟ್ಟಳು. ಗೆದ್ದಿದ್ದಳು. ಡಬ್ಬಿ ಹಿಡಿದು ಕಿಟಕಿಯ ಬೆಳಕಿಗೆ ಹೋದಳು. ಮುಚ್ಚಳ ತೆಗೆದು ತಗಡನ್ನು ತುಟಿಗೆ ಒತ್ತಿಕೊಂಡಳು. ಕಣ್ಣು ಮಂಜಾಯಿತು. ಕೂಡಿಡುವವರ ಚಾಳಿ, ಅಳುತ್ತ ಅಳುತ್ತಲೇ ಭೂತಗನ್ನಡಿ ಎತ್ತಿಕೊಂಡು ಹಿಂಬದಿ ತಿರುಗಿಸಿದಳು. ಸೂಜಿ ಬೆಸೆದ ಜಾಗದ ಪಕ್ಕದಲ್ಲಿ ಯಾರೋ ಮರಳುಕಾಗದದಿಂದ ಉಜ್ಜಿದ್ದರು, ಸರಿಯಾಗಿ ಉಜ್ಜಿರಲಿಲ್ಲ. ಉಳಿದ ಬಣ್ಣದಲ್ಲಿ ಮೀನಿನ ಬಾಲ ಕಾಣುತ್ತಿತ್ತು. ಬಾಲದ ಕೆಳಗೆ, ಮೀನಿನ ಕಂಪನಿಯ ಇಂಟರ್ನೆಟ್ ವಿಳಾಸ.

ಯುದ್ಧ ಶುರುವಾದ ವರ್ಷದ ಬ್ಯಾಡ್ಜಿನ ಬೆನ್ನಿಗೆ ಇಂಟರ್ನೆಟ್ ವಿಳಾಸ! ಆಗ ಆ ಕಟ್ಟಡದಲ್ಲಿ ಫೋನೇ ಮೂರು ಮನೆಗೊಂದಿತ್ತು.

ಅವಳು ಕೂತುಬಿಟ್ಟಳು. ನಕಲಿ. ಅಸಲಿಯನ್ನು ಅವನು ಎಂದೋ ಕಳೆದಿದ್ದಾನೆ, ಇಲ್ಲವೇ ಯಾರಿಗೋ ದಾಟಿಸಿದ್ದಾನೆ. ಇಷ್ಟು ವರ್ಷ ತಾನು ಹೊಟ್ಟೆ ಉರಿಸಿಕೊಂಡದ್ದು, ಇಷ್ಟೆಲ್ಲ ಅಡಿಗೆ ಮಾಡಿದ್ದು, ಒಂದು ಮೀನಿನ ಡಬ್ಬಿಗೆ. ಯಾದ್ರಾಂಕಾಳ ಕೈ ಮುಟ್ಟಿದ್ದು ಇನ್ನು ಏನೂ ಇಲ್ಲ ಎಂಬುದು ಅವಳಿಗೆ ಆಗ ತಾನೇ ಸುದ್ದಿ ಬಂದಂತೆ ಬಡಿಯಿತು. ಹಿಂದೆಯೇ ಸಿಟ್ಟು ನೆತ್ತಿಗೇರಿತು.

“ಅತ್ತೆ, ಮೇಣದಬತ್ತಿ ನೋಡ್ಕೊಳ್ಳಿ. ಇವರಿಗೆ ಕೇಕ್ ಹಾಕ್ತಾ ಇರಿ” ಎಂದವಳೇ, ಯಜಮಾನಿ ದಾಟಬಾರದ ಹೊಸ್ತಿಲನ್ನು ತಾನೇ ದಾಟಿ ಮೂರು ಮಹಡಿ ಹತ್ತಿದಳು.

ಮೇಲಿನ ಮನೆ ಗಿಜಿಗುಡುತ್ತಿತ್ತು. ತಿಹೊಮಿರ್ ಬಿಳಿ ಅಂಗಿ ತೊಟ್ಟು, ಸೀಸೆ ಹಿಡಿದು, ಮೇಜಿನ ತುದಿಯಲ್ಲಿ ನಿಂತಿದ್ದ. ಅವಳನ್ನು ಕಂಡು ಎಲ್ಲರ ಚಮಚಗಳೂ ಗಾಳಿಯಲ್ಲಿ ನಿಂತವು. ಹೊರಗೆ ಹೋಗು ಅನ್ನುವಂತಿಲ್ಲ, ಸ್ಲಾವಾ. ಅವಳೂ ಬಾಯಿ ಮಾಡುವಂತಿಲ್ಲ, ಸ್ಲಾವಾ. ಮೊದಲು ಗೋಧಿ ತಿನ್ನಬೇಕು. ಒಂದು ಚಮಚ ತಿಂದಳು.

“ಸ್ಲಾವಾ ಶುಭವಾಗಲಿ, ಯಜಮಾನ್ರೇ. ಅಡಿಗೆಮನೇಲಿ ಸ್ವಲ್ಪ ಕೆಲಸ ಇತ್ತು.”

ಅಡಿಗೆಮನೆಯ ಬಾಗಿಲು ಮುಚ್ಚಿತು. ನೆಂಟರಿಗೆ ಕೇಳಿಸಬಾರದೆಂದು ಇಬ್ಬರೂ ಪಿಸುಗುಟ್ಟಿಯೇ ಜಗಳವಾಡಿದರು. ಗಾಜಿನ ಬಾಗಿಲಿನಾಚೆ ಕಾಣುತ್ತಿದ್ದವರಿಗಾಗಿ ನಡುನಡುವೆ ಮುಗುಳ್ನಗಬೇಕಾಗಿ ಬಂದದ್ದು ಬೇರೆ.

“ಮೀನಿನ ಡಬ್ಬಿ! ಮೀನಿನ ಡಬ್ಬಿ ತೋರಿಸಿ ನನ್ನ ಇಷ್ಟು ವರ್ಷ ಕುಣಿಸಿದ್ಯಲ್ಲೋ! ಆ ಸಭ್ಯಸ್ಥರಿಗೆ ಇದನ್ನ ಮಾರ್ತಿದ್ಯಾ?”

“ಮಾರ್ತಿರ್ಲಿಲ್ಲ ಕಣೇ, ತೋರಿಸ್ತಿದ್ದೆ. ಅವರು ಹೋಗಿ ನಾಲ್ಕು ಜನಕ್ಕೆ ಹೇಳ್ತಿದ್ರು, ನಿನಗೆ ಉರೀತಿತ್ತು. ನನ್ನ ಹತ್ರ ಇದೆ ಅಂತ ಒಂದ್ಸಲ ಅಂದ್ಮೇಲೆ ಇರಲೇಬೇಕಲ್ಲ, ಮಾಡ್ಕೊಂಡೆ.”

“ಅಸಲಿ ಎಲ್ಲಿ?”

ತಿಹೊಮಿರ್ ಸೀಸೆಯನ್ನು ಮೇಜಿನ ಮೇಲಿಟ್ಟ. ಮುಗುಳ್ನಗೆ ಅವನ ಮುಖದಿಂದ ಹೋಯಿತು.

“ಅವಳ ಹತ್ರಾನೇ ಇದೆ.”

“ಯಾರ ಹತ್ರ?”

“ಯಾದ್ರಾಂಕಾ ಹತ್ರ. ನೀನು ಆಸ್ಪತ್ರೇಲಿ ಪಿತ್ತಕೋಶ ಕುಯ್ಸ್ಕೊಂಡು ಮಲಗಿದ್ದೆ. ಅವಳನ್ನ ಕಳಿಸ್ಕೊಡೋಕೆ ಯಾರಿದ್ರು? ಸರಾಯೆವೊದಿಂದ ಅವಳ ಕಡೆಯೋರು ಒಬ್ರೂ ಬರ್ಲಿಲ್ಲ. ನಾನು, ಪಾದ್ರಿ, ಗುಂಡಿ ತೋಡೋ ಇಬ್ರು. ಶವದ ಪೆಟ್ಟಿಗೇಲಿ ಅವಳು ಆ ಬೂದು ಕೋಟು ಹಾಕ್ಕೊಂಡು, ಎಲ್ಲೋ ಕಚೇರಿ ಕೆಲಸಕ್ಕೆ ಹೊರಟೋಳ ಹಾಗಿದ್ಲು. ನೋಡೋಕಾಗ್ಲಿಲ್ಲ. ಮನೆಗೆ ಓಡಿ ಬಂದು ಬ್ಯಾಡ್ಜು ತಗೊಂಡ್ಹೋಗಿ ಅವಳ ಕಾಲರಿಗೆ ಚುಚ್ಚಿದೆ. ಯುದ್ಧದ ಆ ಚಳಿಗಾಲ ಸೇನೆಗೆ ಹಿಡಿಯೋಕೆ ಬಾಗಿಲು ಬಡಿಯೋರು ಬಂದಾಗೆಲ್ಲ ನನ್ನನ್ನ ತನ್ನ ಉಗ್ರಾಣದಲ್ಲಿ ಉಪ್ಪಿನಕಾಯಿ ಜಾಡಿ ಮಧ್ಯೆ ಬಚ್ಚಿಟ್ಟೋಳು ಕಣೇ ಅವಳು.”

ಹೊರಗೆ ಯಾರೋ ಗಟ್ಟಿಯಾಗಿ ನಕ್ಕರು. ಜಾಗೊರ್ಕಾಳ ಬಾಯಲ್ಲಿ ಇನ್ನೂ ಗೋಧಿಯ ಸಿಹಿಯಿತ್ತು.

“ಬಾಯಲ್ಲೇನು ಮೇಣ ತುಂಬಿತ್ತಾ? ಹೇಳ್ಬಾರ್ದಿತ್ತಾ ನಂಗೆ?”

“ಹೇಳೋಣ ಅಂತಾನೇ ಇದ್ದೆ. ನೀನು ಆಸ್ಪತ್ರೆಯಿಂದ ಬಂದೋಳು ನಿನ್ನ ಪೆಟ್ಟಿಗೆ ತೆಗೆದೆ, ನನ್ನ ಏನಾಯ್ತು ಅಂತ ಕೇಳಿದ್ಯಾ? ಬಾಲ್ಕನಿಗೆ ಹೋಗಿ, ಕಳ್ಳ, ಕಳ್ಳ ಅಂತ ಇಡೀ ಬಡಾವಣೆಗೆ ಕೇಳೋ ಹಾಗೆ ಕೂಗಿದೆ. ಆಗ ನಂಗೆ ಇನಾತ್ ಬಂತು.”

“ಇಷ್ಟು ವರ್ಷಾನಾ?”

“ಇನ್ನೂ ಮುಗಿದಿರ್ಲಿಲ್ಲ” ಎಂದ ಅವನು. ಆಮೇಲೆ ತಡೆಯಲಾರದೆ ತುಟಿಯ ಕೊನೆಯಲ್ಲಿ ನಗು ಬಂತು. “ನೀನು ಪ್ರತಿ ವರ್ಷ ಅವಳ ಸಮಾಧಿಗೆ ಹೋಗಿ ನನ್ನ ಶಪಿಸ್ತಿದ್ಯಲ್ಲ, ನಿನ್ ಬ್ಯಾಡ್ಜು ಆ ಕಳ್ಳ ನುಂಗಿದ ಕಣೇ ಅಂತ. ಒಂದ್ಸಲ ನಾನು ಹಿಂದಿನ ಸಾಲಲ್ಲೇ ಇದ್ದೆ. ಬ್ಯಾಡ್ಜಿನ ಮೇಲೇ ನಿಂತ್ಕೊಂಡು ಬ್ಯಾಡ್ಜು ಎಲ್ಲಿ ಅಂತ ಅಳ್ತಿದ್ದೆ ನೀನು. ನಗು ತಡೀಲಾರ್ದೆ ಯಾರದೋ ಕಲ್ಲಿನ ಮೇಲೆ ಕೂತ್ಬಿಟ್ಟೆ.”

ಅವಳು ಕೈಗೆ ಸಿಕ್ಕ ಪಾತ್ರೆ ಒರೆಸುವ ಬಟ್ಟೆಯಿಂದ ಅವನ ಮುಖಕ್ಕೆ ಬಾರಿಸಿದಳು. ಇನ್ನೊಮ್ಮೆ ಬಾರಿಸಿದಳು. ಮೂರನೇ ಸಲ ಬಟ್ಟೆಯಲ್ಲಿ ತನ್ನ ಮುಖವನ್ನೇ ಮುಚ್ಚಿಕೊಂಡು ಅತ್ತಳು. ಗೆಳತಿಯನ್ನು ಕಳಿಸಿಕೊಡಲು ತಾನಿರಲಿಲ್ಲವೆಂಬ ದುಃಖ ಇಷ್ಟು ವರ್ಷ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ತನ್ನ ಬದಲು ಬ್ಯಾಡ್ಜಾದರೂ ಅವಳ ಜೊತೆ ಹೋಗಿತ್ತು ಎಂದು ಈಗ ತಿಳಿಯಿತು. ತಿಳಿಸಿದವನು ಈ ಮಾರಿಯೇ ಆಗಬೇಕಿತ್ತೇ ಎಂಬ ಸಂಕಟ ಒಂದು ಕಡೆ. ಅವನು ಒಂದು ಲೋಟ ರಾಕಿಯಾ ಸುರಿದು ಅವಳ ಮುಂದೆ ಇಟ್ಟ.

ಅವಳು ಅದನ್ನು ಒಂದೇ ಗುಟುಕಿಗೆ ಇಳಿಸಿ, ಮೂಗು ಒರೆಸಿಕೊಂಡಳು. “ನಿನ್ನ ಗೋಧಿಗೆ ಸಕ್ಕರೆ ಸಾಲದು” ಎಂದಳು.

“ಗೊತ್ತು” ಎಂದ ಅವನು.

ಕೆಳಗೆ ಗೊರಾಜ್ದ್ ಕುರ್ಚಿಯಲ್ಲಿ ಕುಸಿದು ಕೂತಿದ್ದರು. ಸ್ತಾಮೆನಾ ಅತ್ತೆ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದಳು. ಅವರ ತಟ್ಟೆಯಲ್ಲಿ ಮೂರು ಬಗೆಯ ಕೇಕಿನ ಚೂರುಗಳಿದ್ದವು. ಆದರೂ ಮನುಷ್ಯನ ಕಣ್ಣು ಕಿಟಕಿಯ ಬಳಿಯ ಗಾಜಿನ ಡಬ್ಬಿಯ ಮೇಲಿತ್ತು.

“ಅಮ್ಮಾ, ಅದೇ ಅಲ್ವಾ ಕಾಫಿ ಬ್ಯಾಡ್ಜು? ನೋಡಬಹುದಾ?”

“ಅದು ಮೀನಿನ ಡಬ್ಬಿ. ನನ್ನ ಗಂಡ ಮಾಡಿದ್ದು” ಎಂದಳು ಜಾಗೊರ್ಕಾ. ‘ಮಾಜಿ’ ಎಂಬುದನ್ನು ಸೇರಿಸಲು ಮರೆತಳೋ, ಸೋಮಾರಿತನವೋ, ತಿಳಿಯದು. ಸ್ತಾಮೆನಾ ಅತ್ತೆ ಮಾತ್ರ ಕಿವಿ ನಿಮಿರಿಸಿದಳು.

ಗೊರಾಜ್ದ್ ಮುಖ ಬಾಡಿತು. “ಹಾಗಾದ್ರೆ ಅಸಲಿದು ಯಾರ ಹತ್ರ ಇದೆ?”

“ಮಾಡಿದೋಳ ಹತ್ರಾನೇ. ಹಾಕ್ಕೊಂಡಿದಾಳೆ.”

“ಇನ್ನೂ ಹಾಕ್ಕೋತಾರಾ!” ಕನ್ನಡಕ ಸರಿಮಾಡಿಕೊಂಡು ಅವರು ಕುರ್ಚಿಯಿಂದ ಏಳಲು ಹವಣಿಸಿದರು. “ನಾನು ಅವರನ್ನ ಒಂದ್ಸಲ ನೋಡಬಹುದಾ?”

ಜಾಗೊರ್ಕಾ ಅವರ ಹೆಗಲು ಅದುಮಿ ಮತ್ತೆ ಕೂರಿಸಿದಳು.

“ಏನವಸರ? ಎಲ್ಲರೂ ನೋಡ್ತೀವಿ. ಈಗ ಈ ವಾಲ್‌ನಟ್ ಕೇಕ್ ಒಂದು ಚೂರು ತಿನ್ನಿ.”